ಲಿಪ್‌ಸ್ಟಿಕ್ ಹಚ್ಚದ ಬಾರ್‌ಟೆಂಡರ್: ಜೆಸ್ಪರ್ಸನ್–ಹ್ಯಾರಾಸ್ ಪ್ರಕರಣ

ಅಮೆರಿಕದ ನೆವಾಡಾ ರಾಜ್ಯದ ರೀನೋ ಊರು ಜೂಜಿಗೆ ಹೆಸರುವಾಸಿ. ವಿಲಿಯಂ ಹ್ಯಾರಾ ಎಂಬಾತ 1937ರಲ್ಲಿ ಅಲ್ಲಿ ಪುಟ್ಟದೊಂದು ಬಿಂಗೊ ಅಂಗಡಿ ತೆರೆದ. ಅದು ಬೆಳೆದು ‘ಹ್ಯಾರಾಸ್’ ಎಂಬ ಕ್ಯಾಸಿನೊ ಸಮೂಹವಾಯಿತು. ರೀನೋದ ಹ್ಯಾರಾಸ್ ಕ್ಯಾಸಿನೊದೊಳಗಿನ ಸ್ಪೋರ್ಟ್ಸ್ ಬಾರ್‌ನಲ್ಲಿ ಡಾರ್ಲೀನ್ ಜೆಸ್ಪರ್ಸನ್ ಸುಮಾರು ಇಪ್ಪತ್ತು ವರ್ಷ ಬಾರ್‌ಟೆಂಡರ್ ಆಗಿದ್ದರು. ಮೇಲಧಿಕಾರಿಗಳು ಬರೆದ ವರದಿಗಳಲ್ಲೆಲ್ಲ ಅವರ ಕೆಲಸಕ್ಕೆ ಹೊಗಳಿಕೆಯೇ ಇತ್ತು. ಗ್ರಾಹಕರೂ ಅವರ ಸೇವೆ, ನಡವಳಿಕೆ ಎರಡನ್ನೂ ಮೆಚ್ಚಿ ಬರೆದುಕೊಟ್ಟಿದ್ದರು. 2000ನೇ ಇಸವಿಯಲ್ಲಿ ಅವರ ಕೆಲಸ ಹೋಯಿತು. ಕಾರಣ, ಮುಖಕ್ಕೆ ಮೇಕಪ್ ಮಾಡಿಕೊಳ್ಳಲು ಒಪ್ಪದಿದ್ದದ್ದು.

ಗ್ರಾಹಕರ ಎದುರು ನಿಲ್ಲುವ ಸಿಬ್ಬಂದಿಗೆ ಗ್ರೂಮಿಂಗ್ ನಿಯಮ ಬರೆಯುವವರು, ಅದನ್ನು ದಿನಾ ಪಾಲಿಸುವವರು ಇಬ್ಬರೂ ಓದಬೇಕಾದ ಪ್ರಕರಣ ಇದು. ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ಆಕೆ ಸೋತರು ಎಂಬುದಕ್ಕಿಂತ ಯಾವ ಕಾರಣಕ್ಕೆ ಸೋತರು ಎಂಬುದನ್ನು ನೋಡಬೇಕು. ಸೋಲಿಸಿದ್ದು ಕಾನೂನಿನ ದೊಡ್ಡ ತತ್ವವೇನಲ್ಲ, ಕಡತದಲ್ಲಿ ಒಂದು ಸಣ್ಣ ಲೆಕ್ಕ ಇಲ್ಲದೆ ಹೋದದ್ದು.

ನಿಯಮ ಬಂದ ಬಗೆ

ಜೆಸ್ಪರ್ಸನ್ ಕೆಲಸದಲ್ಲಿದ್ದ ಬಹುಕಾಲ ಮೇಕಪ್ ಕಡ್ಡಾಯವಿರಲಿಲ್ಲ. 1980ರ ದಶಕದಲ್ಲಿ ಕಂಪನಿ ‘ಹಚ್ಚಿಕೊಂಡರೆ ಒಳ್ಳೆಯದು’ ಎನ್ನುತ್ತಿತ್ತು, ಅಷ್ಟೇ. ಆಗ ಆಕೆ ಕೆಲವು ವಾರ ಹಚ್ಚಿಕೊಂಡೂ ನೋಡಿದ್ದರು. ಸರಿಹೋಗಲಿಲ್ಲ, ಬಿಟ್ಟರು. ಯಾರೂ ಏನೂ ಅನ್ನಲಿಲ್ಲ.

2000ದ ಫೆಬ್ರವರಿಯಲ್ಲಿ ಕಂಪನಿ ತನ್ನ 20 ಕೇಂದ್ರಗಳಲ್ಲಿ ಪಾನೀಯ ವಿಭಾಗದ ಸಿಬ್ಬಂದಿಯ ‘ರೂಪ ಬದಲಾವಣೆ’ ಯೋಜನೆ ತಂದಿತು. ಅದಕ್ಕೆ ‘ಪರ್ಸನಲ್ ಬೆಸ್ಟ್’ ಎಂದು ಹೆಸರು. ಬಟ್ಟೆ ಗಂಡಸರಿಗೂ ಹೆಂಗಸರಿಗೂ ಒಂದೇ: ಕಪ್ಪು ಪ್ಯಾಂಟು, ಬಿಳಿ ಅಂಗಿ, ಕಪ್ಪು ವೇಸ್ಟ್‌ಕೋಟು, ಕಪ್ಪು ಬೋ ಟೈ, ಜಾರದ ಅಡಿಯ ಕಪ್ಪು ಬೂಟು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಜೆಸ್ಪರ್ಸನ್‌ಗೂ ಇರಲಿಲ್ಲ.

ಕುತ್ತಿಗೆಯಿಂದ ಮೇಲೆ ದಾರಿ ಬೇರೆಯಾಗುತ್ತದೆ. ಗಂಡಸರ ಕೂದಲು ಅಂಗಿಯ ಕಾಲರ್ ದಾಟಬಾರದು, ಜುಟ್ಟು ಕಟ್ಟಬಾರದು, ಉಗುರು ಕತ್ತರಿಸಿ ಚೊಕ್ಕವಾಗಿಟ್ಟಿರಬೇಕು, ಬಣ್ಣ ಹಚ್ಚಬಾರದು, ಮುಖಕ್ಕೆ ಕಣ್ಣಿಗೆ ಮೇಕಪ್ ಕೂಡದು. ಹೆಂಗಸರಾದರೆ ಕೂದಲನ್ನು ಕೆಲಸಕ್ಕೆ ಬರುವ ಪ್ರತಿದಿನ ಉಬ್ಬಿಸಿ, ಸುರುಳಿ ಮಾಡಿ ಇಲ್ಲವೇ ಯಾವುದಾದರೂ ಬಗೆಯಲ್ಲಿ ಅಲಂಕರಿಸಿರಬೇಕು. ಯಾವ ಹೊತ್ತಿನಲ್ಲೂ ಬಿಚ್ಚಿ ಇಳಿಬಿಟ್ಟಿರಬೇಕು, ಇದಕ್ಕೆ ವಿನಾಯಿತಿ ಇಲ್ಲ. ನೇಲ್ ಪಾಲಿಶ್ ಹಚ್ಚಿದರೆ ಬಣ್ಣವಿಲ್ಲದ್ದು, ಬಿಳಿ, ಗುಲಾಬಿ ಅಥವಾ ಕೆಂಪು ಮಾತ್ರ. ಏಪ್ರಿಲ್‌ನಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿತು: ಫೇಸ್ ಪೌಡರ್, ಬ್ಲಶ್ (ಕೆನ್ನೆಯ ಬಣ್ಣ), ಮಸ್ಕಾರ (ರೆಪ್ಪೆಯ ಬಣ್ಣ) ಕಡ್ಡಾಯ, ತುಟಿಗೆ ಬಣ್ಣ ಎಲ್ಲ ಹೊತ್ತಿನಲ್ಲೂ ಇರಬೇಕು.

ಕೂದಲಿನ ನಿಯಮವನ್ನು ಇನ್ನೊಮ್ಮೆ ಓದಿ. ಅಡುಗೆಮನೆಯಲ್ಲಿ, ಕ್ಯಾಟರಿಂಗ್‌ನಲ್ಲಿ, ಬಾರ್ ಕೌಂಟರಿನ ಹಿಂದೆ ದುಡಿದವರು ಯಾರೇ ಆದರೂ ಇಲ್ಲಿ ಹುಬ್ಬೇರಿಸುತ್ತಾರೆ. ತಿನ್ನುವ ಕುಡಿಯುವ ವಸ್ತುವನ್ನು ಮುಟ್ಟುವವರು ಕೂದಲು ಕಟ್ಟಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಾವಳಿಯ ನಾಲ್ಕನೇ ಅನುಸೂಚಿ ಕೂಡ ಉಗುರು, ಕೈ, ತಲೆಗವಸು ಎಂದೆಲ್ಲ ಹೇಳುವುದು ಈ ದೃಷ್ಟಿಯಿಂದಲೇ. ಹ್ಯಾರಾಸ್ ಹೇಳಿದ್ದು ಅದರ ತದ್ವಿರುದ್ಧ. ಗ್ಲಾಸಿಗೆ ಬಗ್ಗಿ ಪಾನೀಯ ಸುರಿಯುವ ಹೆಂಗಸಿನ ಕೂದಲು ಬಿಚ್ಚಿಯೇ ಇರಬೇಕಂತೆ. ಈ ನಿಯಮಗಳನ್ನು ಸ್ವಚ್ಛತೆಗಾಗಿ ಬರೆದದ್ದಲ್ಲ, ನೋಟಕ್ಕಾಗಿ ಬರೆದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೂ ವಾದವೆಲ್ಲ ಲಿಪ್‌ಸ್ಟಿಕ್ ಸುತ್ತಲೇ ನಡೆಯಿತು. ಕೂದಲನ್ನು ಈ ಕಡೆಯಿಂದ ಹಿಡಿದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಿಯಮಕ್ಕಿಂತ ಅದನ್ನು ಜಾರಿಮಾಡಿದ ರೀತಿ ಇನ್ನೂ ವಿಚಿತ್ರ. ಸಿಬ್ಬಂದಿಗೆಲ್ಲ ‘ಇಮೇಜ್’ ತರಬೇತಿ ನಡೆಯಿತು. ತರಬೇತುದಾರರು ಒಬ್ಬೊಬ್ಬರನ್ನೂ ಕೂರಿಸಿ ತಯಾರು ಮಾಡಿದರು. ತಯಾರಾದ ಮೇಲೆ ಎರಡು ಫೋಟೊ ತೆಗೆದರು: ಒಂದು ಮುಖದ್ದು, ಒಂದು ಪೂರ್ತಿ ಮೈಯದ್ದು. ಆ ಫೋಟೊಗಳು ಮೇಲ್ವಿಚಾರಕರ ಕೈಗೆ ಹೋದವು. ಪ್ರತಿದಿನ ಶಿಫ್ಟಿಗೆ ಬಂದವರನ್ನು ಅವರದೇ ಫೋಟೊಗೆ ಹೋಲಿಸಿ ನೋಡಬೇಕು, ಹೋಲುತ್ತಿದ್ದರೆ ಪಾಸು.

ನಮ್ಮ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲೂ ಶಿಫ್ಟಿಗೆ ಮುಂಚಿನ ಬ್ರೀಫಿಂಗ್‌ನಲ್ಲಿ ಗ್ರೂಮಿಂಗ್ ಚೆಕ್ ಇರುತ್ತದೆ. ಉಗುರು ತೋರಿಸಿ, ಬೂಟು ತೋರಿಸಿ, ಗಡ್ಡ ನೀಟಾಗಿ ಬೋಳಿಸಿದೆಯೇ, ಹೇರ್ ಬನ್ ಸಡಿಲವಾಗಿದೆಯೇ, ನೇಮ್ ಬ್ಯಾಡ್ಜ್ ನೆಟ್ಟಗಿದೆಯೇ. ಇದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ, ಏಕೆಂದರೆ ನೋಡುವುದು ಬಟ್ಟೆ, ಬೂಟು, ಉಗುರನ್ನು. ಹ್ಯಾರಾಸ್ ಅಳೆದದ್ದು ಮುಖವನ್ನು. ಒಂದು ದಿನ ಇನ್ನೊಬ್ಬರು ಕೂರಿಸಿ ಬಣ್ಣ ಹಚ್ಚಿದ ಮುಖ ಆ ಹೆಂಗಸಿನ ಅಸಲಿ ಮುಖವಾಗಿಬಿಟ್ಟಿತು. ಬೆಳಗ್ಗೆ ಎದ್ದಾಗ ಕನ್ನಡಿಯಲ್ಲಿ ಕಂಡದ್ದು ಅದರ ಕಳಪೆ ನಕಲು.

ಆಕೆ ಬೇಡ ಎಂದದ್ದೇಕೆ

ನ್ಯಾಯಾಲಯದಲ್ಲಿ ಜೆಸ್ಪರ್ಸನ್ ಹೇಳಿದ್ದರ ಸಾರ ಹೀಗಿದೆ. ಮೇಕಪ್ ಹಚ್ಚಿದಾಗ ತನಗೆ ಮೈಯೇ ಸರಿಯಿಲ್ಲದಂತಾಗುತ್ತಿತ್ತು, ಕೀಳೆನಿಸುತ್ತಿತ್ತು, ಎಲ್ಲರೆದುರು ಬಯಲಾದಂತೆ ಅನ್ನಿಸುತ್ತಿತ್ತು. ಗೊಂಬೆಯಂತೆ ಸಿಂಗರಿಸಿ ನಿಲ್ಲಿಸಿದ ಹಾಗೆ. ಒಬ್ಬ ವ್ಯಕ್ತಿಯಾಗಿ ತನಗಿದ್ದ ಗೌರವವನ್ನೇ ಅದು ಕಿತ್ತುಕೊಂಡಿತು.

ಇದೆಲ್ಲ ಭಾವನೆಯ ಮಾತು ಎಂದು ತಳ್ಳಿಹಾಕುವವರಿದ್ದಾರೆ. ನ್ಯಾಯಾಲಯವೂ ಹೆಚ್ಚುಕಡಿಮೆ ಹಾಗೇ ತಳ್ಳಿತು. ಆದರೆ ಆಕೆ ಇದರ ಜೊತೆಗೆ ಪೂರಾ ಕಸುಬಿಗೆ ಸಂಬಂಧಿಸಿದ ಇನ್ನೊಂದು ಮಾತನ್ನೂ ಹೇಳಿದ್ದರು. ಬಾರ್‌ಟೆಂಡರ್ ಕೆಲಸ ಎಂದರೆ ಬರೀ ಗ್ಲಾಸು ತುಂಬಿಸುವುದಲ್ಲ. ಕುಡಿದು ಗಲಾಟೆ ಮಾಡುವವರನ್ನು ಸಂಭಾಳಿಸಬೇಕು, ‘ಇನ್ನು ಸಾಕು’ ಎಂದು ಹೇಳಿ ಕೇಳಿಸಬೇಕು. ಅದಕ್ಕೆ ಒಂದು ಗತ್ತು ಬೇಕು. ಮೇಕಪ್ ಹಚ್ಚಿಕೊಂಡಾಗ ತನ್ನ ಆ ಗತ್ತು ಹೋಗುತ್ತಿತ್ತು ಎಂದರು ಜೆಸ್ಪರ್ಸನ್. ರಾತ್ರಿ ಹನ್ನೊಂದರ ಮೇಲೆ ಬಾರಿನಲ್ಲಿ ಬಿಲ್ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಎದುರಿಗಿರುವವನು ನಿಮ್ಮನ್ನು ಹೇಗೆ ನೋಡುತ್ತಾನೆ ಎಂಬುದರ ಮೇಲೆ ನಿಮ್ಮ ಮಾತು ನಡೆಯುತ್ತದೋ ಇಲ್ಲವೋ ಎಂಬುದು ನಿಂತಿರುತ್ತದೆ.

ಮೇಕಪ್ಪಿನಿಂದಲೇ ಧೈರ್ಯ ಬರುತ್ತದೆ ಎನ್ನುವ ಹೆಣ್ಣುಮಕ್ಕಳೂ ಎಷ್ಟೋ ಜನ. ಕಾಡಿಗೆ ಹಚ್ಚದೆ ಅಂಗಡಿಯ ಕೌಂಟರಿಗೆ ಬರುವುದೇ ಇಲ್ಲ ಎನ್ನುವವರೂ ಇದ್ದಾರೆ. ಅವರದೂ ಸರಿಯೇ. ಇಬ್ಬರಿಗೂ ಒಂದೇ ಕಟ್ಟಳೆ ಹಾಕಿದಾಗ ತೊಂದರೆ ಶುರು.

ಕಂಪನಿಯ ಪಕ್ಷವೂ ಪೂರ್ತಿ ಟೊಳ್ಳಲ್ಲ. ಇಪ್ಪತ್ತು ಕಡೆ ವ್ಯಾಪಾರ ಇಟ್ಟವರಿಗೆ ಎಲ್ಲ ಕಡೆ ಒಂದೇ ಬಗೆಯ ಅಚ್ಚುಕಟ್ಟು ಕಾಣಬೇಕು ಎಂಬ ಆಸೆ ತಪ್ಪಲ್ಲ. ಗಂಡಸರಿಗೂ ನಿರ್ಬಂಧ ಹಾಕಿದ್ದೇವೆ, ಉದ್ದ ಕೂದಲು ಬಿಡುವಂತಿಲ್ಲ, ಮೇಕಪ್ ಹಚ್ಚುವಂತಿಲ್ಲ, ಬಟ್ಟೆಯಂತೂ ಇಬ್ಬರಿಗೂ ಒಂದೇ ಎಂದು ಕಂಪನಿ ವಾದಿಸಿತು. ಜೆಸ್ಪರ್ಸನ್‌ರನ್ನು ಒಮ್ಮೆಲೇ ಹೊರಗೆ ಕಳಿಸಲೂ ಇಲ್ಲ. ಮೇಕಪ್ ಬೇಡದ, ಸಂಬಳ ಸಮನಾದ ಬೇರೆ ಹುದ್ದೆಗೆ ಅರ್ಜಿ ಹಾಕಿ ಎಂದು 30 ದಿನ ಕೊಟ್ಟಿತು. ಆಕೆ ಹಾಕಲಿಲ್ಲ. ಗಡುವು ಮುಗಿದಾಗ ಕೆಲಸವೂ ಮುಗಿಯಿತು.

ಕಡತದಲ್ಲಿ ಇಲ್ಲದ ಲೆಕ್ಕ

2001ರಲ್ಲಿ ಜೆಸ್ಪರ್ಸನ್ ದಾವೆ ಹೂಡಿದರು. ಆಧಾರ, 1964ರ ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ. ಉದ್ಯೋಗದಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುತ್ತದೆ ಅದು. ನೆವಾಡಾದ ಫೆಡರಲ್ ಜಿಲ್ಲಾ ನ್ಯಾಯಾಲಯ ಪೂರ್ಣ ವಿಚಾರಣೆಗೇ ಹೋಗದೆ ಕಂಪನಿಯ ಪರ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠ 2004ರ ಡಿಸೆಂಬರ್‌ನಲ್ಲಿ ಎರಡು–ಒಂದರಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊನೆಗೆ ಹನ್ನೊಂದು ನ್ಯಾಯಾಧೀಶರ ವಿಸ್ತೃತ ಪೀಠದ ಮುಂದೆ ಬಂತು. 2006ರ ಏಪ್ರಿಲ್ 14ರಂದು ಏಳು–ನಾಲ್ಕರ ಬಹುಮತದಲ್ಲಿ ಕಂಪನಿ ಗೆದ್ದಿತು. ಮೇಲ್ಮನವಿ ಹಂತದಲ್ಲಿ ಆಕೆಯ ಬೆನ್ನಿಗೆ ಲ್ಯಾಂಬ್ಡಾ ಲೀಗಲ್ ಎಂಬ ಹಕ್ಕುಗಳ ಸಂಸ್ಥೆ ನಿಂತಿತ್ತು.

ನ್ಯಾಯಾಲಯ ಹಿಡಿದ ಅಳತೆಗೋಲು ಸರಳ. ಗಂಡಿಗೊಂದು ಹೆಣ್ಣಿಗೊಂದು ಗ್ರೂಮಿಂಗ್ ನಿಯಮ ಇದ್ದ ಮಾತ್ರಕ್ಕೆ ತಪ್ಪಲ್ಲ. ಒಟ್ಟು ಹೊರೆ ಒಂದು ಕಡೆಗೆ ಹೆಚ್ಚು ವಾಲಿದರೆ ಮಾತ್ರ ತಪ್ಪು. ಈ ಅಳತೆಗೋಲು ಹಿಂದೆ ನೌಕರರನ್ನು ಗೆಲ್ಲಿಸಿದ್ದೂ ಉಂಟು. 1982ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್ ಬರೀ ಹೆಣ್ಣು ಪರಿಚಾರಕಿಯರಿಗೆ ಮಾತ್ರ ತೂಕದ ಮಿತಿ ಹಾಕಿದ್ದನ್ನು ಇದೇ ನ್ಯಾಯಾಲಯ ಒಪ್ಪಿರಲಿಲ್ಲ. ಯುನೈಟೆಡ್ ಏರ್‌ಲೈನ್ಸ್ ಇಬ್ಬರಿಗೂ ತೂಕದ ಪಟ್ಟಿ ಇಟ್ಟಿತ್ತು. ಆದರೆ ಗಂಡಸರನ್ನು ದೊಡ್ಡ ಮೈಕಟ್ಟಿನ ಲೆಕ್ಕದಲ್ಲಿ, ಹೆಂಗಸರನ್ನು ಮಧ್ಯಮ ಮೈಕಟ್ಟಿನ ಲೆಕ್ಕದಲ್ಲಿ ತೂಗುತ್ತಿತ್ತು. 2000ದಲ್ಲಿ ಅದೂ ಬಿತ್ತು. ತೂಕದ ಪಟ್ಟಿಯಲ್ಲಿ ಅಂಕಿಗಳಿದ್ದವು, ಪಕ್ಕಪಕ್ಕ ಇಟ್ಟರೆ ಅನ್ಯಾಯ ಕಣ್ಣಿಗೇ ಕಾಣುತ್ತಿತ್ತು.

ಮೇಕಪ್ಪಿನ ವಿಷಯದಲ್ಲಿ ಅಂಥ ಅಂಕಿ ಯಾರೂ ಕೊಟ್ಟಿರಲಿಲ್ಲ. ಪೌಡರು, ಬ್ಲಶ್, ಮಸ್ಕಾರ, ಲಿಪ್‌ಸ್ಟಿಕ್‌ಗೆ ದುಡ್ಡು ಖರ್ಚಾಗುತ್ತದೆ, ಹಚ್ಚಲು ಹೊತ್ತು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ನ್ಯಾಯಾಲಯವೇ ಅದನ್ನು ಗಣನೆಗೆ ತೆಗೆದುಕೊಳ್ಳಲಿ ಎಂಬುದು ಜೆಸ್ಪರ್ಸನ್ ಪರ ವಾದ. ಮುಖ್ಯ ನ್ಯಾಯಾಧೀಶೆ ಮೇರಿ ಶ್ರೋಡರ್ ಬರೆದ ಬಹುಮತದ ತೀರ್ಪು ಅದನ್ನು ಒಪ್ಪಲಿಲ್ಲ. ಎಷ್ಟು ಹೊತ್ತು, ಎಷ್ಟು ದುಡ್ಡು ಎಂಬುದಕ್ಕೆ ದಾಖಲೆ ಬೇಕು, ಕಡತದಲ್ಲಿ ಅಂಥದ್ದೊಂದೂ ಇಲ್ಲ ಎಂದಿತು.

ಲೆಕ್ಕ ಎಷ್ಟು ಸುಲಭವಿತ್ತು ನೋಡಿ. ದಿನಕ್ಕೆ ಹದಿನೈದು ನಿಮಿಷ ಎಂದೇ ಇಟ್ಟುಕೊಳ್ಳೋಣ, ಕೂದಲಿನ ಅಲಂಕಾರ ಬಿಟ್ಟು. ವಾರಕ್ಕೆ ಐದು ದಿನ, ವರ್ಷಕ್ಕೆ ಐವತ್ತು ವಾರ. ಒಟ್ಟು 3,750 ನಿಮಿಷ, ಅಂದರೆ ಅರವತ್ತೆರಡೂವರೆ ಗಂಟೆ. ವಾರಕ್ಕೆ ನಲವತ್ತು ಗಂಟೆಯ ಕೆಲಸಕ್ಕೆ ಹೋಲಿಸಿದರೆ ಒಂದೂವರೆ ವಾರಕ್ಕಿಂತ ಹೆಚ್ಚು ದುಡಿಮೆ, ಅದೂ ಸಂಬಳವಿಲ್ಲದೆ. ಗಂಡಸಿನ ಕಡೆ ಎದುರು ಲೆಕ್ಕ ಹಾಕಬೇಕಾದದ್ದು ಆಗೊಮ್ಮೆ ಈಗೊಮ್ಮೆ ಮಾಡಿಸುವ ಕಟಿಂಗ್. ಇದಕ್ಕೆ ಅಂಗಡಿಯ ನಾಲ್ಕು ಬಿಲ್ಲು, ಸಹೋದ್ಯೋಗಿ ಹೆಂಗಸರ ಎರಡು ಹೇಳಿಕೆ ಸೇರಿಸಿದ್ದರೆ ಏಳು–ನಾಲ್ಕು ಎಂಬುದು ಬೇರೆ ಆಗುತ್ತಿತ್ತೋ ಏನೋ. ಕನಿಷ್ಠ ವಿಚಾರಣೆಯಾದರೂ ನಡೆಯುತ್ತಿತ್ತು.

ಎಲ್ಲರಿಗೂ ಗೊತ್ತಿದ್ದರಿಂದಲೇ ಯಾರೂ ಬರೆದಿಡಲಿಲ್ಲ. ಹೆಂಗಸರ ಬೆಳಗಿನ ಹೊತ್ತಿನ ಕೆಲಸಕ್ಕೆ ಎಲ್ಲ ಕಡೆಯೂ ಇದೇ ಗತಿ.

ಎರಡನೇ ವಾದ ಹೆಣ್ಣೆಂದರೆ ಹೀಗೇ ಇರಬೇಕೆಂಬ ಕಲ್ಪನೆಯನ್ನು ಹೇರಿದ್ದರ ಬಗ್ಗೆ. ಇದಕ್ಕೆ ಆಧಾರ 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಆ್ಯನ್ ಹಾಪ್ಕಿನ್ಸ್ ಪ್ರಕರಣ. ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಪಾಲುದಾರಿಕೆಗೆ 88 ಜನರ ಹೆಸರು ಬಂದಿತ್ತು, ಅವರಲ್ಲಿ ಹೆಂಗಸು ಹಾಪ್ಕಿನ್ಸ್ ಒಬ್ಬರೇ. ಹೆಣ್ಣಿನ ಹಾಗೆ ನಡೆ, ಹೆಣ್ಣಿನ ಹಾಗೆ ಮಾತಾಡು, ಮೇಕಪ್ ಹಚ್ಚು, ಒಡವೆ ಹಾಕು ಎಂಬ ಸಲಹೆ ಆಕೆಗೆ ಸಿಕ್ಕಿತ್ತು. ಅಂಥ ಅಳತೆಗೋಲಿನಿಂದ ಅಳೆಯುವುದು ತಾರತಮ್ಯಕ್ಕೆ ಸಾಕ್ಷಿ ಎಂದಿತ್ತು ಸುಪ್ರೀಂ ಕೋರ್ಟ್. ಹಾಗಾದರೆ ಮೇಕಪ್ ಹಚ್ಚದ ಬಾರ್‌ಟೆಂಡರಿಗೆ? ಗ್ರೂಮಿಂಗ್ ನಿಯಮವೂ ಈ ವಾದಕ್ಕೆ ಒಳಪಡಬಹುದು ಎಂದು ಬಹುಮತ ಒಪ್ಪಿತು. ಬಾಗಿಲು ತೆರೆದೇ ಇಟ್ಟಿತು. ಆದರೆ ಇಲ್ಲಿ ಇರುವುದು ಒಬ್ಬಾಕೆಯ ಅನಿಸಿಕೆ ಮಾತ್ರ, ಯಾರಿಗೋ ಒಬ್ಬರಿಗೆ ಇಷ್ಟವಿಲ್ಲದ ನಿಯಮವನ್ನೆಲ್ಲ ತಾರತಮ್ಯ ಎನ್ನಲಾಗದು ಎಂದು ಕೈತೊಳೆದುಕೊಂಡಿತು.

ಭಿನ್ನಮತ ಬರೆದ ಇಬ್ಬರನ್ನೂ ಓದಲೇಬೇಕು. ನ್ಯಾಯಾಧೀಶ ಹ್ಯಾರಿ ಪ್ರೆಗರ್ಸನ್ ಕೇಳಿದ್ದು ನೇರ ಪ್ರಶ್ನೆ. ಗಂಡಸಿನ ಮುಖ ಇದ್ದಂತೆಯೇ ಸಾಕು, ಹೆಂಗಸಿನ ಮುಖ ಬಣ್ಣವಿಲ್ಲದೆ ಅಪೂರ್ಣ ಎಂಬ ನಂಬಿಕೆಯೇ ಈ ನಿಯಮದ ತಳಹದಿ ಅಲ್ಲವೇ? ಅಲೆಕ್ಸ್ ಕೊಜಿನ್ಸ್ಕಿ ತುಸು ಕೀಟಲೆಯ ಮನುಷ್ಯ. ಪೀಠದಲ್ಲಿ ಕೂರುವ ನ್ಯಾಯಾಧೀಶರೆಲ್ಲ ಪೌಡರು, ಬ್ಲಶ್, ಮಸ್ಕಾರ, ಲಿಪ್‌ಸ್ಟಿಕ್ ಹಚ್ಚಬೇಕು ಎಂಬ ನಿಯಮ ಬಂದರೆ ಹೇಗಿರುತ್ತದೆ ಎಂದು ಕೇಳಿದರು. ಹೆಂಡತಿ ತಯಾರಾಗುವವರೆಗೆ ಗಡಿಯಾರ ತೋರಿಸಿ ಕಾಲು ತಟ್ಟುತ್ತ ನಿಂತ ಗಂಡಸರಿಗೂ ಮೇಕಪ್ಪಿಗೆ ಹೊತ್ತು ಹಿಡಿಯುತ್ತದೆ ಎಂಬುದು ತಿಳಿದಿದೆ, ಅದಕ್ಕೊಂದು ದಾಖಲೆ ಬೇಕೇ ಎಂಬ ಧಾಟಿಯಲ್ಲೂ ಬರೆದರು. ಕಂಪನಿ ಈಗ ಗೆದ್ದಿದೆ, ಇನ್ನಾದರೂ ದೊಡ್ಡ ಮನಸ್ಸು ಮಾಡಿ ಆಕೆಯನ್ನು ಮೇಕಪ್ ಇಲ್ಲದೆಯೇ ಕೆಲಸಕ್ಕೆ ವಾಪಸು ಕರೆಯಲಿ ಎಂಬುದು ಅವರು ಕೊನೆಗೆ ಹೇಳಿದ ಮಾತು.

ನನಗೆ ಕೊಜಿನ್ಸ್ಕಿಯ ಇನ್ನೊಂದು ಮಾತು ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಯಾವ ವ್ಯಾಪಾರದಲ್ಲೇ ಆಗಲಿ ಒಳ್ಳೆಯ ಕೆಲಸಗಾರರು ಸಿಗುವುದು ಕಷ್ಟ. ಅಷ್ಟು ವರ್ಷ ನಿಯತ್ತಾಗಿ ದುಡಿದವರನ್ನು ಇಂಥದ್ದೊಂದು ಭಿನ್ನಾಭಿಪ್ರಾಯಕ್ಕೆ ಕಳೆದುಕೊಳ್ಳುವ ಮುನ್ನ ಮಾಲೀಕ ಎರಡು ಸಲ ಯೋಚಿಸಬೇಕಿತ್ತು ಎಂದರು ಅವರು. ಇದು ಕಾನೂನಿನ ಮಾತಲ್ಲ, ಅಪ್ಪಟ ವ್ಯಾಪಾರದ ಮಾತು. ಗ್ರಾಹಕರನ್ನು ಮೆಚ್ಚಿಸಲೆಂದು ತಂದ ನಿಯಮ ಗ್ರಾಹಕರು ಮೆಚ್ಚಿ ಬರೆದುಕೊಟ್ಟ ನೌಕರಳನ್ನೇ ಹೊರಗಟ್ಟಿತು.

ನಮ್ಮ ಕೌಂಟರುಗಳ ಈಚೆಗೆ

ಭಾರತದಲ್ಲಿ ಇಂಥ ವಿಷಯ ಸುಪ್ರೀಂ ಕೋರ್ಟಿನ ಮುಂದೆ ದೊಡ್ಡದಾಗಿ ಬಂದದ್ದು 1981ರಲ್ಲಿ, ಏರ್ ಇಂಡಿಯಾದ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ. ಅಲ್ಲಿ ಪ್ರಶ್ನೆ ಗ್ರೂಮಿಂಗ್‌ನದ್ದಲ್ಲ, ಗಗನಸಖಿಯರ ಮದುವೆ, ಬಸಿರು, ನಿವೃತ್ತಿ ವಯಸ್ಸಿನದ್ದು. ಮೊದಲ ಬಸಿರಿಗೇ ಕೆಲಸ ಬಿಡಬೇಕು ಎಂಬ ನಿಯಮವನ್ನು ನ್ಯಾಯಾಲಯ ಕಿತ್ತೆಸೆಯಿತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಎಂಬುದನ್ನು ಉಳಿಸಿತು. ಗಂಡು ಪರಿಚಾರಕರಿಗೂ ಗಗನಸಖಿಯರಿಗೂ ನಿಯಮ ಬೇರೆ ಏಕೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ಇಬ್ಬರದೂ ಬೇರೆ ಬೇರೆ ವರ್ಗ ಎಂಬುದು. ರೀನೋದಲ್ಲಿ ಹೊರೆಯನ್ನು ತೂಗಿ ನೋಡುವ ತಕ್ಕಡಿಯಾದರೂ ಇತ್ತು, ಇಲ್ಲಿ ಇಬ್ಬರನ್ನೂ ಒಂದೇ ತಟ್ಟೆಗೆ ಹಾಕುವುದೇ ಇಲ್ಲ ಎಂದಾಯಿತು. ಅದೂ ಆಗ ಸರ್ಕಾರಿ ವಿಮಾನ ಸಂಸ್ಥೆಯಾಗಿದ್ದರಿಂದ ಸಂವಿಧಾನದ ಸಮಾನತೆಯ ವಿಧಿಗಳನ್ನು ಹಿಡಿದು ಕೇಳಲಾಯಿತು. ಖಾಸಗಿ ಶೋರೂಮಿನ ಹುಡುಗಿಗೆ ಆ ದಾರಿಯೂ ಅಷ್ಟು ಸಲೀಸಲ್ಲ.

ಹಾಗಾಗಿ ನಮ್ಮಲ್ಲಿ ಈ ಜಗಳ ಕೋರ್ಟಿಗೆ ಹೋಗುವುದು ಕಡಿಮೆ, ಶಿಫ್ಟ್ ಸೂಪರ್‌ವೈಸರ್ ಹತ್ತಿರವೇ ಮುಗಿಯುತ್ತದೆ. ‘ಮೇಡಂ, ನನಗೆ ಲಿಪ್‌ಸ್ಟಿಕ್ ಅಲರ್ಜಿ’ ಎನ್ನುವ ಹುಡುಗಿ, ‘ಲೈಟಾಗಿ ಹಚ್ಕೊ ಸಾಕು’ ಎನ್ನುವ ಮೇಡಂ. ಒಡವೆ ಅಂಗಡಿ, ರೇಷ್ಮೆ ಸೀರೆ ಅಂಗಡಿ, ಮಾಲ್‌ನ ಕಾಸ್ಮೆಟಿಕ್ ಕೌಂಟರ್ ಎಲ್ಲ ಕಡೆ ಇದೇ ಸಂಭಾಷಣೆ. ಕಾಸ್ಮೆಟಿಕ್ ಕೌಂಟರಿನಲ್ಲಿ ಮಾರುವ ಸರಕನ್ನೇ ಮುಖದಲ್ಲಿ ತೋರಿಸಿ ಎಂದರೆ ಅದಕ್ಕೊಂದು ಅರ್ಥವಿದೆ. ಬಿಯರ್ ಸುರಿಯುವವರಿಗೆ ಮಸ್ಕಾರ ಏಕೆ ಎಂದರೆ ‘ಬ್ರ್ಯಾಂಡ್ ಇಮೇಜ್’ ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ.

ಕಾನೂನಿನ ಬಲವಂತವಿಲ್ಲದೆಯೂ ಕಂಪನಿಗಳು ಬದಲಾಗಿದ್ದಿದೆ. 2019ರ ಮಾರ್ಚ್‌ನಲ್ಲಿ ವರ್ಜಿನ್ ಅಟ್ಲಾಂಟಿಕ್ ವಿಮಾನ ಸಂಸ್ಥೆ ತನ್ನ ಹೆಣ್ಣು ಸಿಬ್ಬಂದಿಗೆ ಮೇಕಪ್ ಕಡ್ಡಾಯವಲ್ಲ ಎಂದು ಸಾರಿತು. ಕೆಂಪು ಸಮವಸ್ತ್ರ, ಕೆಂಪು ಲಿಪ್‌ಸ್ಟಿಕ್ಕಿಗೇ ಹೆಸರಾಗಿದ್ದ ಸಂಸ್ಥೆ ಅದು. ಹಚ್ಚಬೇಕೆನ್ನುವವರು ಹಚ್ಚಬಹುದು, ಬೇಡವೆಂದವರನ್ನು ಕೇಳುವಂತಿಲ್ಲ.

ಇಲ್ಲಿ ಹೋಟೆಲು, ಆಸ್ಪತ್ರೆಯ ರಿಸೆಪ್ಷನ್ನು, ಶೋರೂಮುಗಳಿಗೆ ಗ್ರೂಮಿಂಗ್ ಕೈಪಿಡಿ ಬರೆಯುವ ಎಚ್‌ಆರ್‌ನವರಿಗೆ ಈ ಪ್ರಕರಣದಿಂದ ನಾನು ಎತ್ತಿಕೊಡುವ ಕೆಲಸ ಒಂದೇ. ಪ್ರತಿ ನಿಯಮದ ಪಕ್ಕ ಎರಡು ಕಾಲಂ ಎಳೆಯಿರಿ: ದಿನಕ್ಕೆ ಎಷ್ಟು ನಿಮಿಷ, ತಿಂಗಳಿಗೆ ಎಷ್ಟು ರೂಪಾಯಿ. ಗಂಡಸರಿಗೊಂದು ಮೊತ್ತ, ಹೆಂಗಸರಿಗೊಂದು ಮೊತ್ತ ಕೂಡಿ ನೋಡಿ. ವ್ಯತ್ಯಾಸ ಕಣ್ಣು ಕುಕ್ಕುವಂತಿದ್ದರೆ ನಿಯಮ ಕಡಿಮೆ ಮಾಡಿ, ಇಲ್ಲವೇ ಆ ಸಾಮಾನಿನ ಖರ್ಚನ್ನು, ತಯಾರಾಗುವ ಹೊತ್ತನ್ನು ಸಂಬಳದಲ್ಲಿ ಸೇರಿಸಿ. ಯೂನಿಫಾರ್ಮ್ ಕಂಪನಿ ಕೊಡುವುದಾದರೆ ಕಡ್ಡಾಯ ಮಾಡಿದ ಲಿಪ್‌ಸ್ಟಿಕ್ ಏಕೆ ಕೊಡಬಾರದು?

ಕೌಂಟರಿನ ಹಿಂದೆ ನಿಂತು ದುಡಿಯುವವರಾದರೆ ನಿಯಮವನ್ನು ಬಾಯಿಮಾತಲ್ಲಿ ಕೇಳಿಸಿಕೊಂಡು ಸುಮ್ಮನಾಗಬೇಡಿ, ಇಮೇಲ್‌ನಲ್ಲೋ ಕಾಗದದಲ್ಲೋ ಬರೆಸಿಕೊಳ್ಳಿ. ಚರ್ಮಕ್ಕೆ ಆಗಿಬರದಿದ್ದರೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಪೌಡರು, ಕಾಡಿಗೆ, ನೇಲ್ ಪಾಲಿಶ್, ಹೇರ್‌ಪಿನ್ನಿನ ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ.